25 ಅಂದ್ರೆ ಯಾವ 25? ಸೆಕ್ಯೂರಿಟಿ ಸಾಫ್ಟ್‌ವೇರ್‌ಗಳ ತಲೆ ಎಣಿಕೆಯ ಕಥೆ

ಇವತ್ತಿನ ಸಂಚಿಕೆಯನ್ನ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ.

ಬಿ.ಕಾಂ. ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಬೆಂಗಳೂರಿನ ಒಂದು ಪುಟ್ಟ ಅಕೌಂಟ್ಸ್ ಆಫೀಸಿಗೆ. ಜಿಎಸ್‌ಟಿ ಬಂದ ಹೊಸತು. ತಿಂಗಳ 20ನೇ ತಾರೀಕು ಹತ್ತಿರ ಬಂತು ಅಂದ್ರೆ ಊಟಕ್ಕೂ ಪುರುಸೊತ್ತು ಇರ್ತಿರ್ಲಿಲ್ಲ. ಆಫೀಸಿನಲ್ಲಿ ಇದ್ದದ್ದು 19 ಕಂಪ್ಯೂಟರ್. ನಮ್ಮ ಸರ್ ಮುಂದಾಲೋಚನೆ ಮಾಡಿ ಆಂಟಿವೈರಸ್‌ಗೆ 25 ಲೈಸೆನ್ಸ್ ತಗೊಂಡಿದ್ರು. ಇನ್ನೂ 6 ಮಿಕ್ಕಿರಬೇಕು, ಧಾರಾಳ ಆಯ್ತಲ್ವಾ? ಆದ್ರೆ ಹೊಸದಾಗಿ ಸೇರಿದ ಹುಡುಗಿಯ ಹಳೇ ವಿಂಡೋಸ್ 7 ಲ್ಯಾಪ್‌ಟಾಪಿಗೆ ಆಂಟಿವೈರಸ್ ಹಾಕೋಕೆ ಹೋದ್ರೆ ಆಗ್ಲೇ ಇಲ್ಲ. 25ಕ್ಕೆ 25 ಲೈಸೆನ್ಸೂ ಖರ್ಚಾಗಿವೆ ಅಂತ ಬಂತು.

ರಿಟರ್ನ್ಸ್ ಕೆಲಸದ ಗಡಿಬಿಡಿ. "ಆಮೇಲೆ ನೋಡೋಣ" ಅಂತ ಬಿಟ್ವಿ. ಹತ್ತು ದಿನ ಹಾಗೇ ಹೋಯ್ತು. ಗ್ರಾಹಕರು ಪೆನ್‌ಡ್ರೈವ್‌ನಲ್ಲಿ ಟ್ಯಾಲಿ ಡೇಟಾ ತಂದುಕೊಡೋರು, ನಾವು ಕೆಲಸ ಮುಗಿಸಿ ವಾಪಸ್ ಕೊಡೋದು. ಯಾರದೋ ಪೆನ್‌ಡ್ರೈವ್‌ನಿಂದ ಆ ಲ್ಯಾಪ್‌ಟಾಪಿಗೆ ವೈರಸ್ ಹತ್ತಿದೆ, ಅಲ್ಲಿಂದ ಇನ್ನೊಬ್ಬರ ಪೆನ್‌ಡ್ರೈವ್‌ಗೆ ದಾಟಿದೆ. 19ನೇ ತಾರೀಕು ಸಂಜೆ ಹಾರ್ಡ್‌ವೇರ್ ಅಂಗಡಿಯ ಹಿರಿಯರೊಬ್ಬರು ಫೋನ್ ಮಾಡಿ, "ಏನಪ್ಪಾ, ನಿಮ್ಮಲ್ಲಿಂದ ಪೆನ್‌ಡ್ರೈವ್ ಬಂದ ಮೇಲೆ ನನ್ನ ಫೋಲ್ಡರೆಲ್ಲಾ ಶಾರ್ಟ್‌ಕಟ್ ಆಗೋಗಿದ್ಯಲ್ಲಾ" ಅಂದ್ರು. ನಂಬಿ ಲೆಕ್ಕ ಕೊಟ್ಟವರಿಗೆ ನಾವು ವಾಪಸ್ ಕೊಟ್ಟದ್ದು ವೈರಸ್ಸು.

ಕಂಪ್ಯೂಟರ್ ರಿಪೇರಿಗೆ ಬರ್ತಿದ್ದ ಅಣ್ಣ ಆಂಟಿವೈರಸ್‌ನ ಕನ್ಸೋಲ್ ತೆಗೆದು ತೋರಿಸಿದ್ರು. ಆ ವರ್ಷ 4 ಕಂಪ್ಯೂಟರ್ ಫಾರ್ಮ್ಯಾಟ್ ಆಗಿದ್ವು. ಅವುಗಳ ಹಳೇ ಹೆಸರು ಒಂದು, ಹೊಸ ಹೆಸರು ಒಂದು, ಎರಡೂ ಪಟ್ಟಿಯಲ್ಲಿದ್ವು. ಇನ್ನೆರಡು ಕಂಪ್ಯೂಟರನ್ನ ಗುಜರಿಗೆ ಹಾಕಿ ತಿಂಗಳುಗಳೇ ಆಗಿತ್ತು, ಅವೂ ಪಟ್ಟಿಯಲ್ಲಿ ಜೀವಂತ. 19, 4, 2. ಸರಿಯಾಗಿ 25.

ಸರ್ ಒಂದೇ ಪ್ರಶ್ನೆ ಕೇಳಿದ್ರು: "ನಾನು 25ಕ್ಕೆ ದುಡ್ಡು ಕೊಟ್ಟಿದೀನಿ. ಇರೋದು 20. ಹಾಗಾದ್ರೆ ಇವರು ಎಣಿಸಿದ್ದು ಏನನ್ನ?"

ಇವತ್ತಿನ ಸಂಚಿಕೆ ಈ ಪ್ರಶ್ನೆಗೆ ಉತ್ತರ. ಸಾಫ್ಟ್‌ವೇರ್‌ನಲ್ಲಿ, ಅದರಲ್ಲೂ ಕಂಪನಿಗಳನ್ನ ಕಾಯೋ ಸೆಕ್ಯೂರಿಟಿ ಸಾಫ್ಟ್‌ವೇರ್‌ನಲ್ಲಿ, ಏನನ್ನ ಎಣಿಸಬೇಕು ಅನ್ನೋದು ಕಳೆದ ಅರವತ್ತು ವರ್ಷದಲ್ಲಿ ಹಲವು ಸಲ ಬದಲಾಗಿದೆ. ಪ್ರತಿ ಸಲ ಬದಲಾದಾಗಲೂ ಯಾರೋ ಒಬ್ಬರು ಎಣಿಕೆಯ ಹೊರಗೆ ಉಳಿದಿದ್ದಾರೆ.

ಬಾಡಿಗೆ ಯಂತ್ರದ ಮೀಟರ್

ಮೊದಲು 1960ರ ದಶಕದ ಅಮೆರಿಕಕ್ಕೆ ಹೋಗೋಣ. ಆಗ ಸಾಫ್ಟ್‌ವೇರ್‌ಗೆ ಅಂತ ಬೇರೆ ಬೆಲೆ ಇರೋದು ಅಪರೂಪ. ಕಂಪನಿಗಳು ಐಬಿಎಂನ ದೊಡ್ಡ ಯಂತ್ರಗಳನ್ನ ಬಾಡಿಗೆಗೆ ತಗೋತಿದ್ವು, ಪ್ರೋಗ್ರಾಂಗಳು ಅದರ ಜೊತೆಗೇ ಬರ್ತಿದ್ವು. ಯಂತ್ರದಲ್ಲೇ ಒಂದು ಮೀಟರ್ ಇರ್ತಿತ್ತು. ಮೂಲ ಬಾಡಿಗೆಗೆ ತಿಂಗಳಿಗೆ 176 ಗಂಟೆ ಬಳಕೆ. 22 ಕೆಲಸದ ದಿನ, ದಿನಕ್ಕೆ 8 ಗಂಟೆ, ಗುಣಿಸಿ ನೋಡಿ. ಅದಕ್ಕಿಂತ ಜಾಸ್ತಿ ಓಡಿಸಿದ್ರೆ ಜಾಸ್ತಿ ದುಡ್ಡು. ನಮ್ಮ ಆಟೋ ಮೀಟರ್ ಇದ್ದ ಹಾಗೆ. ಎಣಿಸ್ತಿದ್ದದ್ದು ಸಮಯವನ್ನ, ಅದರಲ್ಲಿ ಗೊಂದಲ ಕಡಿಮೆ.

1969ರ ಜೂನ್ 23ರಂದು ಐಬಿಎಂ ಒಂದು ಘೋಷಣೆ ಮಾಡ್ತು. ಇನ್ಮುಂದೆ ಯಂತ್ರಕ್ಕೆ ಬೇರೆ ಬೆಲೆ, ಹಲವು ಸಾಫ್ಟ್‌ವೇರ್‌ಗಳಿಗೆ, ಸೇವೆಗಳಿಗೆ ಬೇರೆ ಬೆಲೆ. ಅದೇ ವರ್ಷದ ಜನವರಿಯಲ್ಲಿ ಅಮೆರಿಕ ಸರ್ಕಾರ ಆ ಕಂಪನಿಯ ಮೇಲೆ ಏಕಸ್ವಾಮ್ಯದ ಕೇಸ್ ಹಾಕಿತ್ತು ಅನ್ನೋದೂ ನೆನಪಿರಲಿ. ಸಾಫ್ಟ್‌ವೇರ್ ಅನ್ನೋದು ತಾನೇ ಒಂದು ಸರಕಾಗೋಕೆ ಇದು ದೊಡ್ಡ ತಿರುವು.

ಆದ್ರೆ ಇದು ವಿಚಿತ್ರವಾದ ಸರಕು. ಅಕ್ಕಿ ಮೂಟೆ ಮಾರಿದ್ರೆ ಗೋಡೌನ್‌ನಲ್ಲಿ ಒಂದು ಮೂಟೆ ಕಮ್ಮಿ ಆಗುತ್ತೆ, ಸ್ಟಾಕ್ ರಿಜಿಸ್ಟರ್‌ನಲ್ಲಿ ಲೆಕ್ಕ ಸಿಗುತ್ತೆ. ಸಾಫ್ಟ್‌ವೇರ್ ಕಾಪಿ ಮಾಡಿದ್ರೆ ಮೊದಲಿನದು ಅಲ್ಲೇ ಇರುತ್ತೆ, ಇನ್ನೊಂದು ಹುಟ್ಟುತ್ತೆ. 1976ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಹವ್ಯಾಸಿ ಕಂಪ್ಯೂಟರ್ ಬಳಕೆದಾರರಿಗೆ ಒಂದು ಬಹಿರಂಗ ಪತ್ರ ಬರೆದ್ರು. ಅವರ ದೂರು ಏನಂದ್ರೆ, ಆಲ್ಟೇರ್ ಕಂಪ್ಯೂಟರ್ ಇರೋರಲ್ಲಿ ನೂರಕ್ಕೆ ಹತ್ತು ಜನ ಕೂಡ ಬೇಸಿಕ್ ಸಾಫ್ಟ್‌ವೇರನ್ನ ದುಡ್ಡು ಕೊಟ್ಟು ತಗೊಂಡಿಲ್ಲ. 1980ರ ದಶಕದಲ್ಲಿ ಬೋರ್ಲ್ಯಾಂಡ್ ಕಂಪನಿ ಇನ್ನೊಂದು ದಾರಿ ಹಿಡೀತು: ನಮ್ಮ ಸಾಫ್ಟ್‌ವೇರನ್ನ ಪುಸ್ತಕ ಅಂದ್ಕೊಳ್ಳಿ, ಎಷ್ಟು ಜನ ಬೇಕಾದ್ರೂ ಬಳಸಿ, ಆದ್ರೆ ಒಂದೇ ಹೊತ್ತಿಗೆ ಎರಡು ಕಡೆ ಓದೋಕೆ ಆಗಬಾರದು.

ಗಮನಿಸಿ, ಇಲ್ಲಿಗೇ ಮೂರು ಥರ ಎಣಿಕೆ ಆಯ್ತು. ಗಂಟೆ, ಕಾಪಿ, ಒಂದೇ ಹೊತ್ತಿಗೆ ಬಳಸೋರು. ಕಾಮರ್ಸ್ ಓದಿದವರಿಗೆ ಇದು ಹೊಸದೇನಲ್ಲ. ಟ್ಯಾಲಿಯಲ್ಲಿ ಸಿಲ್ವರ್ ಅಂದ್ರೆ ಒಂದೇ ಕಂಪ್ಯೂಟರ್, ಗೋಲ್ಡ್ ಅಂದ್ರೆ ಆಫೀಸಿನ ಒಂದೇ ನೆಟ್‌ವರ್ಕ್‌ನಲ್ಲಿ ಇರೋರೆಲ್ಲ. ಅದೂ ಒಂದು ಎಣಿಕೆಯೇ.

ಲಾಹೋರಿನ ಅಣ್ಣತಮ್ಮಂದಿರು

ಈಗ ಕಥೆ ಸೆಕ್ಯೂರಿಟಿ ಕಡೆ ತಿರುಗುತ್ತೆ.

1986. ಪಾಕಿಸ್ತಾನದ ಲಾಹೋರಿನಲ್ಲಿ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಅನ್ನೋ ಅಣ್ಣತಮ್ಮಂದಿರು ಕಂಪ್ಯೂಟರ್ ಅಂಗಡಿ ನಡೆಸ್ತಿದ್ರು. ವೈದ್ಯಕೀಯ ಕೆಲಸಕ್ಕೆ ಅಂತ ತಾವು ಬರೆದ ಸಾಫ್ಟ್‌ವೇರನ್ನ ಜನ ಕದ್ದು ಕಾಪಿ ಮಾಡ್ತಿದ್ದಾರೆ ಅನ್ನೋದು ಅವರ ಸಂಕಟ. ಅದಕ್ಕೆ ಅವರು ಫ್ಲಾಪಿಯಿಂದ ಫ್ಲಾಪಿಗೆ ತಾನೇ ಹರಡೋ ಒಂದು ಪುಟ್ಟ ಪ್ರೋಗ್ರಾಂ ಬರೆದ್ರು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲಾ ಇತ್ತು. ಸ್ವಲ್ಪ ದಿನಕ್ಕೆ ದೂರದ ಅಮೆರಿಕ, ಬ್ರಿಟನ್‌ಗಳಿಂದ ಫೋನ್ ಬರೋಕೆ ಶುರುವಾಯ್ತು.

ಅದೇ 'ಬ್ರೈನ್'. ಐಬಿಎಂ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಅಂತ ಇತಿಹಾಸ ಅದನ್ನ ಗುರುತಿಸುತ್ತೆ. ಪಿಸಿ ವೈರಸ್ಸಿನ ಕಥೆ ಶುರುವಾಗಿದ್ದೇ 'ನನ್ನ ಸಾಫ್ಟ್‌ವೇರನ್ನ ಎಷ್ಟು ಜನ ಬಳಸ್ತಿದ್ದಾರೆ' ಅನ್ನೋ ಲೈಸೆನ್ಸ್ ಚಿಂತೆಯಿಂದ!

ಮಾರನೇ ವರ್ಷ, 1987ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಜಾನ್ ಮ್ಯಾಕಫಿ ತಮ್ಮ ಹೆಸರಿನ ಆಂಟಿವೈರಸ್ ಕಂಪನಿ ಶುರು ಮಾಡಿದ್ರು. ಸಾಫ್ಟ್‌ವೇರನ್ನ ಶೇರ್‌ವೇರ್ ಆಗಿ ಹಂಚಿಬಿಟ್ರು. ತಗೊಳ್ಳಿ, ಬಳಸಿ ನೋಡಿ. ನಿಜವಾದ ಆದಾಯ ಬಂದದ್ದು ಕಂಪನಿಗಳು ಕೊಟ್ಟ ಲೈಸೆನ್ಸ್ ಹಣದಿಂದ. ಶೇರ್‌ವೇರ್ ಪದ್ಧತಿ ನಡೀತಿದ್ದದ್ದೇ ನಂಬಿಕೆ ಮೇಲೆ.

ನಂಬಿಕೆ ಎಷ್ಟು ದಿನ? 1988ರಲ್ಲಿ ಸಾಫ್ಟ್‌ವೇರ್ ಕಂಪನಿಗಳೇ ಸೇರಿ ಬಿಸಿನೆಸ್ ಸಾಫ್ಟ್‌ವೇರ್ ಅಲಯನ್ಸ್ ಅನ್ನೋ ಸಂಸ್ಥೆ ಕಟ್ಟಿದ್ವು. ಲೈಸೆನ್ಸ್ ಇಲ್ಲದ ಕಾಪಿಗಳನ್ನ ಹುಡುಕೋದು ಅದರ ದೊಡ್ಡ ಕೆಲಸ.

ಆಂಟಿವೈರಸ್‌ಗೆ ಮಾತ್ರ ಬೇರೆ ಸಾಫ್ಟ್‌ವೇರ್‌ಗಳಿಗೆ ಇಲ್ಲದ ಒಂದು ಅನುಕೂಲ ಇತ್ತು. ಹೊಸ ವೈರಸ್ ಬರ್ತಾನೇ ಇರುತ್ತೆ, ಆದ್ದರಿಂದ ಅಪ್‌ಡೇಟ್ ಬೇಕೇ ಬೇಕು. ಅಪ್‌ಡೇಟ್ ಕೇಳೋಕೆ ಯಾರ್ಯಾರು ಬಂದ್ರು ಅಂತ ಬಾಗಿಲಲ್ಲಿ ಬರ್ಕೊಂಡ್ರೆ ಲೆಕ್ಕ ತಾನಾಗೇ ಸಿಗುತ್ತೆ. ಆಫೀಸಿನ ಎಲ್ಲಾ ಕಂಪ್ಯೂಟರ್‌ಗಳನ್ನ ಒಂದೇ ಕಡೆಯಿಂದ ನೋಡ್ಕೊಳ್ಳೋ ಕನ್ಸೋಲ್‌ಗಳು ಬಂದ ಮೇಲಂತೂ ಅದೇ ಹಾಜರಿ ಪುಸ್ತಕ ಆಯ್ತು.

ಆದ್ರೆ ಆ ಪುಸ್ತಕದಲ್ಲಿ ಒಂದು ಕೊರತೆ. ಹೊಸ ಕಂಪ್ಯೂಟರ್ ಬಂದು "ನಾನು ಬಂದೆ" ಅನ್ನುತ್ತೆ. ಕೆಟ್ಟುಹೋದ ಕಂಪ್ಯೂಟರ್ "ಹೋಗಿ ಬರ್ತೀನಿ" ಅನ್ನಲ್ಲ. ಮತದಾರರ ಪಟ್ಟಿಯಲ್ಲಿ ತೀರಿಹೋದವರ ಹೆಸರು ವರ್ಷಗಟ್ಟಲೆ ಉಳಿಯೋದಿಲ್ವಾ, ಹಾಗೆ. ಇದಕ್ಕೆ ಕಂಪನಿಗಳು ಕಂಡುಕೊಂಡ ಉಪಾಯ ಗಡುವು. ಉದಾಹರಣೆಗೆ ಸಿಮ್ಯಾಂಟೆಕ್‌ನ ಎಂಡ್‌ಪಾಯಿಂಟ್ ಪ್ರೊಟೆಕ್ಷನ್‌ನಲ್ಲಿ, 30 ದಿನ ಸಂಪರ್ಕಕ್ಕೆ ಬಾರದ ಕಂಪ್ಯೂಟರನ್ನ ಪಟ್ಟಿಯಿಂದ ತೆಗೀಬೇಕು ಅನ್ನೋದು ಮೊದಲೇ ಹಾಕಿಟ್ಟ ಸೆಟ್ಟಿಂಗ್. ನಮ್ಮ ಆಫೀಸಿನ ಕನ್ಸೋಲ್‌ನಲ್ಲೂ ಗಡುವಿನ ಸೆಟ್ಟಿಂಗ್ ಇತ್ತು, ಯಾರೂ ಅದನ್ನ ಆನ್ ಮಾಡಿರ್ಲಿಲ್ಲ ಅಷ್ಟೇ.

ಬಾಗಿಲಲ್ಲಿ ನಿಂತು ಎಣಿಸುವವನು

1990ರ ದಶಕದಲ್ಲಿ ಆಫೀಸುಗಳಿಗೆ ಇಂಟರ್ನೆಟ್ ಬಂತು, ಜೊತೆಗೆ ಫೈರ್‌ವಾಲ್ ಬಂತು. ಇಸ್ರೇಲಿನ ಚೆಕ್ ಪಾಯಿಂಟ್ ಕಂಪನಿ ಶುರುವಾಗಿದ್ದು 1993ರಲ್ಲಿ, ಅದರ ಫೈರ್‌ವಾಲ್-1 ಮಾರುಕಟ್ಟೆಗೆ ಬಂದದ್ದು 1994ರಲ್ಲಿ.

ಫೈರ್‌ವಾಲ್ ಅಂದ್ರೆ ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮ್ಯಾನ್. ಒಳಗೆ ಎಷ್ಟು ಮನೆ ಇದೆ ಅಂತ ಅವನಿಗೆ ಕಾಣಲ್ಲ. ಗೇಟಿಗೆ ಬರೋ ಕಾಗದದ ಮೇಲಿನ ವಿಳಾಸ ಮಾತ್ರ ಕಾಣುತ್ತೆ. ಅದಕ್ಕೆ ಫೈರ್‌ವಾಲ್ ಲೈಸೆನ್ಸ್ ಎಣಿಸಿದ್ದು ಐಪಿ ಅಡ್ರೆಸ್‌ಗಳನ್ನ. ಒಳಗಡೆಯ 25 ಅಡ್ರೆಸ್‌ಗೆ ಒಂದು ದರ, 50ಕ್ಕೆ ಇನ್ನೊಂದು, ಹೀಗೆ ಮೆಟ್ಟಿಲು.

ತೊಂದರೆ ಏನಂದ್ರೆ ಪ್ರಿಂಟರ್‌ಗೂ ಐಪಿ ಅಡ್ರೆಸ್ ಇರುತ್ತೆ. ಒಳಗಡೆ ಕಾಣಿಸಿದ ಅಡ್ರೆಸ್ ಯಾವುದಾದ್ರೂ ಸರಿ, ಲೆಕ್ಕಕ್ಕೆ ಸೇರ್ತಿತ್ತು. ಇನ್ನೊಂದು ತಮಾಷೆ: ನನ್ನ ಯಾವ ಬದಿ ಹೊರಗಿನದು, ಯಾವುದು ಒಳಗಿನದು ಅಂತ ಆ ಫೈರ್‌ವಾಲ್‌ಗೆ ನಾವೇ ಹೇಳಬೇಕಿತ್ತು. ಅದನ್ನ ತಪ್ಪಾಗಿ ಹೇಳಿದ್ರೆ, ಇಡೀ ಇಂಟರ್ನೆಟ್ಟಿನ ಅಡ್ರೆಸ್‌ಗಳನ್ನ ನಮ್ಮ ಆಫೀಸಿನವೇ ಅಂದ್ಕೊಂಡು ಎಣಿಸಿ, ಒಳಗೆ ಜನ ಜಾಸ್ತಿ ಆದ್ರು ಅಂತ ದೂರು ಹೇಳೋದು!

ಅದೇ ಹೊತ್ತಿಗೆ ನೆಟ್‌ವರ್ಕ್ ಲೋಕದಲ್ಲಿ ಎರಡು ಬದಲಾವಣೆ ಆದ್ವು. 1993ರ ಅಕ್ಟೋಬರ್‌ನಲ್ಲಿ ಡಿಎಚ್‌ಸಿಪಿ ಅನ್ನೋ ವಿಧಾನ ದಾಖಲಾಯ್ತು. ಅದರ ಪ್ರಕಾರ ಕಂಪ್ಯೂಟರಿಗೆ ಕಾಯಂ ಅಡ್ರೆಸ್ ಇಲ್ಲ, ಸ್ವಲ್ಪ ಹೊತ್ತಿಗೆ ಎರವಲು. ಇವತ್ತು ಒಂದು, ನಾಳೆ ಇನ್ನೊಂದು. ಆಗ ಒಂದೇ ಕಂಪ್ಯೂಟರ್ ಎರಡು ಸಲ ಎಣಿಕೆ ಆಗೋ ಅವಕಾಶ. 1994ರ ಮೇ ತಿಂಗಳಲ್ಲಿ ನ್ಯಾಟ್ ಬಂತು. ಅದರಲ್ಲಿ ನೂರು ಕಂಪ್ಯೂಟರ್ ಒಂದೇ ಅಡ್ರೆಸ್ಸಿನ ಮರೆಯಲ್ಲಿ ನಿಲ್ಲಬಹುದು. ಆಗ ನೂರು ಕಂಪ್ಯೂಟರ್ ಒಂದೇ ಅಂತ ಎಣಿಕೆ. ಒಂದು ವಿಧಾನ ಲೆಕ್ಕವನ್ನ ಉಬ್ಬಿಸುತ್ತೆ, ಇನ್ನೊಂದು ಕುಗ್ಗಿಸುತ್ತೆ.

ಸಿಸ್ಕೋ ಕಂಪನಿಯ ಪಿಕ್ಸ್ 501 ಅನ್ನೋ ಪುಟ್ಟ ಫೈರ್‌ವಾಲ್ ಸಣ್ಣ ಆಫೀಸುಗಳಿಗೆ ಅಂತಲೇ ಬಂದದ್ದು. 10 ಬಳಕೆದಾರರು, 50 ಬಳಕೆದಾರರು, ಮಿತಿಯಿಲ್ಲ ಅಂತ ಮೂರು ಲೈಸೆನ್ಸ್. ಅಲ್ಲಿ 'ಬಳಕೆದಾರ' ಅಂದ್ರೆ ಮನುಷ್ಯ ಅಲ್ಲ, ಆ ಕ್ಷಣಕ್ಕೆ ಹೊರಗೆ ಹೋಗ್ತಿರೋ ಒಂದು ಐಪಿ ಅಡ್ರೆಸ್. ಹತ್ತರ ಲೈಸೆನ್ಸ್ ಇದ್ದ ಆಫೀಸಿನಲ್ಲಿ ಹನ್ನೊಂದನೆಯವರಿಗೆ ಇಂಟರ್ನೆಟ್ ಇಲ್ಲ. ಯಾರು ಹನ್ನೊಂದನೆಯವರು? ಬೆಳಿಗ್ಗೆ ತಡವಾಗಿ ಬಂದವರು.

ಯಂತ್ರವೋ, ಮನುಷ್ಯನೋ?

1999ರಲ್ಲಿ ವಿಎಂವೇರ್‌ನ ಮೊದಲ ಉತ್ಪನ್ನ ಬಂದ ಮೇಲೆ 'ಒಂದು ಕಂಪ್ಯೂಟರ್' ಅನ್ನೋ ಮಾತೇ ಸಡಿಲ ಆಯ್ತು. ಒಂದು ಪೆಟ್ಟಿಗೆಯೊಳಗೆ ಹತ್ತು ವರ್ಚುವಲ್ ಕಂಪ್ಯೂಟರ್. ಕೆಲವು ಕಡೆ ಬೆಳಿಗ್ಗೆ ಲಾಗಿನ್ ಆದಾಗ ಹುಟ್ಟಿ, ಸಂಜೆ ಅಳಿಸಿಹೋಗುವ ಡೆಸ್ಕ್‌ಟಾಪ್‌ಗಳು. ಕನ್ಸೋಲ್‌ಗೆ ಇದನ್ನ ಮೊದಲೇ ತಿಳಿಸದಿದ್ರೆ ದಿನಾ ಬೆಳಿಗ್ಗೆ ಹೊಸ ಯಂತ್ರ ಬಂತು ಅಂತ ಬರ್ಕೊಳ್ಳುತ್ತೆ. ಇದರ ಉಲ್ಟಾ ಕೂಡ ಇದೆ. ಆಂಟಿವೈರಸ್ ಹಾಕಿದ ಒಂದು ಕಂಪ್ಯೂಟರಿನ ಅಚ್ಚನ್ನ ಹಾಗೇ ತೆಗೆದು ಐವತ್ತು ಕಂಪ್ಯೂಟರಿಗೆ ಹಾಕಿದ್ರೆ, ಐವತ್ತಕ್ಕೂ ಒಂದೇ ಗುರುತಿನ ಸಂಖ್ಯೆ. ಕನ್ಸೋಲ್ ಕಣ್ಣಿಗೆ ಅದು ಒಂದೇ ಯಂತ್ರ. ಲೈಸೆನ್ಸ್ ಉಳೀತು ಅಂತ ಖುಷಿ ಪಡಬೇಡಿ. ಐವತ್ತರಲ್ಲಿ ಯಾವುದಕ್ಕೆ ವೈರಸ್ ಹತ್ತಿದೆ ಅಂತ ಆಮೇಲೆ ಹುಡುಕೋದು ಕಷ್ಟ.

2007ರಲ್ಲಿ ಐಫೋನ್ ಬಂತು. ಒಬ್ಬ ಮನುಷ್ಯನ ಕೈಯಲ್ಲಿ ಲ್ಯಾಪ್‌ಟಾಪ್, ಫೋನ್, ಟ್ಯಾಬ್. ನಿಧಾನವಾಗಿ ಕಂಪನಿಗಳು ಯಂತ್ರ ಬಿಟ್ಟು ಮನುಷ್ಯರನ್ನ ಎಣಿಸೋಕೆ ಶುರು ಮಾಡಿದ್ವು. ಮೈಕ್ರೋಸಾಫ್ಟ್‌ನ ಡಿಫೆಂಡರ್ ಫಾರ್ ಎಂಡ್‌ಪಾಯಿಂಟ್‌ನಲ್ಲಿ ಒಬ್ಬರ ಲೈಸೆನ್ಸ್‌ಗೆ 5 ಸಾಧನಗಳವರೆಗೆ ಅವಕಾಶ. ಐಟಿಯವರಿಗೆ ಇದು ಲಾಭ. ಆದ್ರೆ ಆಸ್ಪತ್ರೆಯ ರಿಸೆಪ್ಷನ್ ನೆನಪು ಮಾಡ್ಕೊಳ್ಳಿ. ಒಂದು ಕಂಪ್ಯೂಟರ್, ಮೂರು ಶಿಫ್ಟ್, ಮೂವರು ಸಿಬ್ಬಂದಿ. ಯಂತ್ರ ಎಣಿಸಿದ್ರೆ ಒಂದು ಲೈಸೆನ್ಸ್, ಮನುಷ್ಯರನ್ನ ಎಣಿಸಿದ್ರೆ ಮೂರು. ಕೆಲಸ ಅದೇ, ಕಾಯೋ ಯಂತ್ರ ಅದೇ, ಬಿಲ್ ಮಾತ್ರ ಬೇರೆ. ಆಗ ಕೆಲವು ಕಡೆ ಏನು ಮಾಡ್ತಾರೆ ಹೇಳಿ? ಮೂವರಿಗೂ ಒಂದೇ ಲಾಗಿನ್, ಪಾಸ್‌ವರ್ಡ್ ಚೀಟಿ ಮಾನಿಟರ್ ಮೇಲೆ. ಲೈಸೆನ್ಸ್ ಉಳಿಸೋಕೆ ಹೋಗಿ ಸೆಕ್ಯೂರಿಟಿಯನ್ನೇ ಕೈಬಿಟ್ಟ ಹಾಗಾಯ್ತು.

ಸಾಕ್ಷಿಗೂ ತೂಕ ಹಾಕಿದ ಕಾಲ

2003ರಲ್ಲಿ ಶುರುವಾದ ಸ್ಪ್ಲಂಕ್ ಅನ್ನೋ ಕಂಪನಿ ಲಾಗ್‌ಗಳನ್ನ ಒಟ್ಟುಗೂಡಿಸಿ ಹುಡುಕಿಕೊಡೋ ಸಾಫ್ಟ್‌ವೇರ್ ಮಾಡ್ತು. ಲಾಗ್ ಅಂದ್ರೆ ಯಾರು ಯಾವಾಗ ಲಾಗಿನ್ ಆದ್ರು, ಯಾವ ಫೈಲ್ ತೆಗೆದ್ರು ಅನ್ನೋ ದಿನಚರಿ. ಕಳ್ಳತನ ಆದ ಮೇಲೆ ಪೊಲೀಸರು ಸಿಸಿಟಿವಿ ಕೇಳಿದ ಹಾಗೆ, ಹ್ಯಾಕ್ ಆದ ಮೇಲೆ ಕೇಳೋದು ಲಾಗ್. ಸ್ಪ್ಲಂಕ್ ಇಲ್ಲಿ ಯಂತ್ರವನ್ನೂ ಎಣಿಸ್ಲಿಲ್ಲ, ಮನುಷ್ಯರನ್ನೂ ಎಣಿಸ್ಲಿಲ್ಲ. ದಿನಕ್ಕೆ ಎಷ್ಟು ಜಿಬಿ ಲಾಗ್ ಒಳಗೆ ಬಂತು ಅಂತ ತೂಕ ಹಾಕ್ತು. ಉಚಿತ ಲೈಸೆನ್ಸ್‌ಗೆ ದಿನಕ್ಕೆ 500 ಎಂಬಿ.

ಅದರ ಹಳೇ ನಿಯಮ ಹೀಗಿತ್ತು: 30 ದಿನದೊಳಗೆ 5 ಸಲ ಮಿತಿ ಮೀರಿದ್ರೆ ಹುಡುಕೋ ಸೌಲಭ್ಯ ಬಂದ್. ಲಾಗ್ ಒಳಗೆ ಬರ್ತಾನೇ ಇರುತ್ತೆ, ನಿಮಗೆ ಹುಡುಕೋಕೆ ಆಗಲ್ಲ. ಲಾಗ್ ಯಾವಾಗ ಉಕ್ಕುತ್ತೆ? ದಾಳಿ ನಡೀತಿರೋವಾಗ. ಅಂದ್ರೆ ಹುಡುಕಾಟ ಬೇಕಾದ ಹೊತ್ತಲ್ಲೇ ಬಾಗಿಲು ಮುಚ್ಚಿಕೊಳ್ಳೋ ಅಪಾಯ. ಮುಂದಿನ ವರ್ಷಗಳಲ್ಲಿ ಕಂಪನಿ ಈ ನಿಯಮ ಸಡಿಲಿಸ್ತು. ಆದ್ರೆ ತೂಕಕ್ಕೆ ದುಡ್ಡು ಅಂದಾಗ ಕೊಳ್ಳೋರು ಮಾಡೋದು ಒಂದೇ, ತೂಕ ಇಳಿಸೋದು. 'ಈ ಲಾಗ್ ಬೇಡ, ಆ ಲಾಗ್ ಬೇಡ.' ಬೇಡ ಅಂದದ್ದರಲ್ಲೇ ಕಳ್ಳನ ಹೆಜ್ಜೆ ಗುರುತು ಇದ್ರೆ?

ಇದು ಬರೀ ಊಹೆ ಅಲ್ಲ. 2023ರ ಬೇಸಿಗೆಯಲ್ಲಿ ಚೀನಾ ನಂಟಿನ ಹ್ಯಾಕರ್‌ಗಳು ಮೈಕ್ರೋಸಾಫ್ಟ್‌ನ ಒಂದು ಸಹಿ ಕೀಲಿಯನ್ನ ಬಳಸಿ, ಬೇರೆಯವರ ಇಮೇಲ್ ಪೆಟ್ಟಿಗೆಗಳ ಒಳಗೆ ಹೋಗಿದ್ರು. ಅಮೆರಿಕದ ತನಿಖಾ ಮಂಡಳಿಯ ವರದಿ ಪ್ರಕಾರ 22 ಸಂಸ್ಥೆಗಳು, 500ಕ್ಕೂ ಹೆಚ್ಚು ಜನ ತೊಂದರೆಗೆ ಸಿಕ್ಕಿದ್ರು. ಅವರಲ್ಲಿ ಆ ದೇಶದ ಆಗಿನ ವಾಣಿಜ್ಯ ಕಾರ್ಯದರ್ಶಿ ಜೀನಾ ರೈಮಾಂಡೋ ಕೂಡ ಒಬ್ಬರು. ವಿದೇಶಾಂಗ ಇಲಾಖೆಯೊಂದರಿಂದಲೇ ಸುಮಾರು 60,000 ಇಮೇಲ್ ಹೋಗಿತ್ತು.

ಇದನ್ನ ಮೊದಲು ಪತ್ತೆ ಮಾಡಿದ್ದು ಯಾರು? ಅದೇ ವಿದೇಶಾಂಗ ಇಲಾಖೆ, ಜೂನ್ ಮಧ್ಯದಲ್ಲಿ. ಹೇಗೆ? ಯಾವ ಇಮೇಲನ್ನ ಯಾರು ತೆರೆದ್ರು ಅಂತ ತೋರಿಸೋ ಲಾಗ್ ಅವರ ಹತ್ತಿರ ಇತ್ತು. ಆ ಲಾಗ್ ಬರ್ತಿದ್ದದ್ದು ಜಾಸ್ತಿ ದುಡ್ಡಿನ ಲೈಸೆನ್ಸ್‌ನಲ್ಲಿ ಮಾತ್ರ. ಕಡಿಮೆ ದರದ ಲೈಸೆನ್ಸ್ ತಗೊಂಡಿದ್ದವರ ಮನೆಗೂ ಅದೇ ಕಳ್ಳ ನುಗ್ಗಿರಬಹುದು, ಆದ್ರೆ ಅವರ ಹತ್ತಿರ ನೋಡೋಕೆ ಆ ಕ್ಯಾಮರಾನೇ ಇರ್ಲಿಲ್ಲ. ಟೀಕೆ ಜೋರಾಯ್ತು. ಜುಲೈನಲ್ಲಿ ಮೈಕ್ರೋಸಾಫ್ಟ್, ಸೆಪ್ಟೆಂಬರ್‌ನಿಂದ ಇಂಥ ಲಾಗ್‌ಗಳನ್ನ ಹೆಚ್ಚುವರಿ ಹಣ ಇಲ್ಲದೆ ಕೊಡ್ತೀವಿ, ಇಟ್ಟುಕೊಳ್ಳೋ ಅವಧಿಯನ್ನೂ 90ರಿಂದ 180 ದಿನಕ್ಕೆ ಏರಿಸ್ತೀವಿ ಅಂತು.

180 ದಿನ ಅನ್ನೋ ಸಂಖ್ಯೆ ನಮ್ಮ ದೇಶದಲ್ಲೂ ಇದೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ಕಂಪನಿಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಯ ಲಾಗ್‌ಗಳನ್ನ 180 ದಿನ ಇಟ್ಟುಕೊಳ್ಳಬೇಕು, ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಕಾನೂನು 'ಲಾಗ್ ಇಟ್ಕೋ' ಅನ್ನುತ್ತೆ, ಲೈಸೆನ್ಸ್ 'ಇಟ್ಕೊಂಡಷ್ಟಕ್ಕೂ ದುಡ್ಡು ಕೊಡು' ಅನ್ನುತ್ತೆ. ಬೆಂಗಳೂರಿನ ಐಟಿ ಟೀಮ್‌ಗಳು ಬಜೆಟ್ ಹಾಕೋವಾಗ ತಲೆ ಕೆಡಿಸಿಕೊಳ್ಳೋದು ಈ ಎರಡರ ಮಧ್ಯೆ.

ಸರ್ ಕೇಳಿದ ಪ್ರಶ್ನೆಗೆ ಉತ್ತರ

ಹಾಗಾದ್ರೆ ಇವರು ಎಣಿಸಿದ್ದು ಏನನ್ನ? ಗಂಟೆ, ಕಾಪಿ, ಯಂತ್ರ, ಅಡ್ರೆಸ್, ಮನುಷ್ಯ, ಜಿಬಿ. ಇಷ್ಟೂ ಇತಿಹಾಸದಲ್ಲಿ 'ರಕ್ಷಣೆ'ಯನ್ನ ಯಾರೂ ಎಣಿಸಿಲ್ಲ, ಯಾಕಂದ್ರೆ ಅದನ್ನ ಎಣಿಸೋಕೆ ಆಗಲ್ಲ. ಅದರ ಬದಲು ಕೈಗೆ ಸಿಕ್ಕಿದ್ದನ್ನ ಎಣಿಸಿದ್ರು. ಅದರಲ್ಲಿ ತಪ್ಪು ಹುಡುಕೋಕೆ ಹೋಗಲ್ಲ, ವ್ಯಾಪಾರ ಅಂದ್ಮೇಲೆ ಅಳತೆ ಬೇಕು. ಆದ್ರೆ ನಮ್ಮ ಆಫೀಸಿನ ಥರ ಸಣ್ಣ ಜಾಗದಲ್ಲಿ ಇದನ್ನ ಕೊಳ್ಳೋರು ಮೂರು ವಿಷಯ ಕೇಳಿ ತಗೊಳ್ಳಿ. ಎಣಿಸೋದು ಏನನ್ನ? ಒಂದು ಯಂತ್ರ ಹೋದ ಮೇಲೆ ಅದರ ಲೈಸೆನ್ಸ್ ವಾಪಸ್ ಬರೋದು ಎಷ್ಟು ದಿನಕ್ಕೆ? ಮಿತಿ ಮೀರಿದ ದಿನ ಏನಾಗುತ್ತೆ, ಎಚ್ಚರಿಕೆ ಬರುತ್ತಾ, ರಕ್ಷಣೆಯೇ ನಿಲ್ಲುತ್ತಾ?

ಅಂಗಡಿಯ ಹಿರಿಯರ ಫೋಲ್ಡರ್‌ಗಳು ವಾಪಸ್ ಸಿಕ್ಕಿದ್ವು. ವೈರಸ್ ಅವನ್ನ ಅಳಿಸಿರ್ಲಿಲ್ಲ, ಬಚ್ಚಿಟ್ಟಿತ್ತು ಅಷ್ಟೇ. 20ನೇ ತಾರೀಕು ರಾತ್ರಿ ಅವರ ರಿಟರ್ನ್ ಫೈಲ್ ಮಾಡಿದ್ವಿ. ಸರ್ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ರು, ಆ ತಿಂಗಳ ಫೀಸ್ ತಗೊಳ್ಳಲಿಲ್ಲ.

ಅವತ್ತಿಂದ ಪ್ರತಿ ತಿಂಗಳು 1ನೇ ತಾರೀಕು ನನಗೆ ಒಂದು ಹೊಸ ಕೆಲಸ. ಪಾಸ್‌ಬುಕ್ಕಿಗೂ ಕ್ಯಾಶ್‌ಬುಕ್ಕಿಗೂ ತಾಳೆ ನೋಡೋ ಹಾಗೆ, ಒಂದು ಕೈಯಲ್ಲಿ ಕನ್ಸೋಲ್‌ನ ಪಟ್ಟಿ ಹಿಡ್ಕೊಂಡು ಟೇಬಲ್‌ನಿಂದ ಟೇಬಲ್‌ಗೆ ಓಡಾಡೋದು. ಪಟ್ಟಿಯಲ್ಲಿದ್ದು ಟೇಬಲ್ ಮೇಲೆ ಇಲ್ಲದ್ದನ್ನ ಹೊಡೆದುಹಾಕೋದು. ಟೇಬಲ್ ಮೇಲಿದ್ದು ಪಟ್ಟಿಯಲ್ಲಿ ಇಲ್ಲದ್ದು ಕಂಡ್ರೆ ಅಲ್ಲೇ ನಿಲ್ಲೋದು.

ನಿಮ್ಮ ಆಫೀಸಿನಲ್ಲೂ ನಾಳೆ ಒಂದು ಸಲ ಎಣಿಸಿ ನೋಡಿ, ಎಷ್ಟು ಬಂತು ಅಂತ ನನಗೂ ಹೇಳಿ. ಮುಂದಿನ ವಾರ ಸಿಗೋಣ.